ತೊಳೆಯಬಾರದ ಪಟ್ಟಿ

ನಮ್ಮ ಮನೆಯಲ್ಲಿ ನೀರು ತಾಗಿಸಬಾರದೆಂದು ಕಟ್ಟಪ್ಪಣೆ ಇದ್ದ ವಸ್ತು ಒಂದೇ ಒಂದು. ಅದನ್ನು ನಾನು ತೊಳೆದೆ. ಇಷ್ಟೆಲ್ಲ ರಂಪವಾದದ್ದು ಅದರಿಂದಲೇ.

ಅದು ನನ್ನ ತಾತ ಲೌದೆಲಿನೊ ಸಿಲ್ವೇರಾ ಯುದ್ಧದಲ್ಲಿ ಹ್ಯಾಟಿಗೆ ಕಟ್ಟಿಕೊಂಡಿದ್ದ ಬಿಳಿ ಪಟ್ಟಿ. ಸಾವಿರದ ಒಂಬೈನೂರ ನಾಲ್ಕರ ಯುದ್ಧ. ಉರುಗ್ವೇಯ ಜನವೇ ಎರಡು ಪಾಲಾಗಿ ಒಂಬತ್ತು ತಿಂಗಳು ಒಬ್ಬರನ್ನೊಬ್ಬರು ಕೊಂದುಕೊಂಡದ್ದು. ಸರ್ಕಾರದ ಕಡೆಯವರದು ಕೆಂಪು ಪಟ್ಟಿ, ಎದುರು ನಿಂತ ನಮ್ಮವರದು ಬಿಳಿ. ಎರಡು ಕಡೆಯೂ ಅದೇ ಮುಖ, ಅದೇ ಮೀಸೆ, ಹೆಗಲ ಮೇಲೆ ಅದೇ ಹರಕು ಪೊಂಚೊ ಕಂಬಳಿ. ಎದುರಿಗೆ ಬಂದವನು ಅಪ್ಪಿಕೊಳ್ಳಬೇಕಾದವನೋ ಕತ್ತು ಕೊಯ್ಯಬೇಕಾದವನೋ ಎಂದು ಹ್ಯಾಟಿನ ಪಟ್ಟಿ ನೋಡಿಯೇ ತಿಳಿಯಬೇಕಿತ್ತು.

ಆ ಪಟ್ಟಿ ನಲವತ್ತು ವರ್ಷ ನನ್ನ ಅಣ್ಣ ಒದಿಲೋನನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. "ತಾತನ ತಲೆ ಬೆವರು ಇದೆ ಅದ್ರಲ್ಲಿ. ಒದ್ದೆ ಕೈಯಲ್ಲೂ ಮುಟ್ಬೇಡ," ಅನ್ನುತ್ತಿದ್ದ. ನಮ್ಮ ಕಡೆ ಚಳಿಗಾಲವಾದ ಈ ಜೂನಿನಲ್ಲಿ ಅವನು ಹೋದ, ಡಬ್ಬಿ ನನಗೆ ಬಂತು. ನಾನು ಎತೆಲ್ವಿನಾ, ವಯಸ್ಸು ಎಪ್ಪತ್ತನಾಲ್ಕು, ಅದರಲ್ಲಿ ಐವತ್ತೈದು ವರ್ಷ ಹೊಲಿಗೆ ಯಂತ್ರದ ಮುಂದೆಯೇ ಕಳೆದವು. ಕೊಳೆ ಬಟ್ಟೆ ಕಂಡರೆ ನನಗೆ ಕೈ ತುರಿಸುತ್ತದೆ. ದೇವರು ಹಾಗೆ ಮಾಡಿ ಕಳಿಸಿದ್ದಾನೆ, ನಾನೇನು ಮಾಡಲಿ?

ಸೆಪ್ಟೆಂಬರಿನ ಎರಡನೆಯ ಭಾನುವಾರ ನಮ್ಮ ಪಾಸೊ ಹೊಂದೊ ಊರಿನ ಸವಾರಿ. ಬಿಳಿ ಪಟ್ಟಿಯ ಮನೆತನಗಳವರು ನೂರು ನೂರೈವತ್ತು ಜನ ಕುದುರೆ ಏರಿ ಚರ್ಚಿನ ಮುಂದಿನಿಂದ ಹೊರಟು, ತಾತನಿಗೆ ಗುಂಡು ತಗುಲಿದ ಹಳ್ಳದ ದಾಟಿನವರೆಗೆ ಹೋಗುತ್ತಾರೆ. ಮುಂದಾಳಿನ ಹ್ಯಾಟಿನ ಮೇಲೆ ತಾತನ ಪಟ್ಟಿ ಇರಬೇಕು. ಇಷ್ಟು ವರ್ಷ ಮುಂದಾಳು ಒದಿಲೋನ್. ಈ ಸಲ ನನ್ನ ಮೊಮ್ಮಗಳು ನೋಯೆಲಿಯಾ. ಇಪ್ಪತ್ತೆರಡು ವರ್ಷ, ಕುದುರೆ ಪಳಗಿಸುವ ಕೆಲಸ, ಯಾವ ಗಂಡಸಿಗೂ ಸೊಪ್ಪು ಹಾಕದ ಬಾಯಿ. ಮುಂದಾಳಾಗುವ ಮೊದಲನೆಯ ಹೆಣ್ಣು ನಮ್ಮ ಮನೆಯವಳೇ ಎಂದು ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಪಟ್ಟಿ ಕಟ್ಟಿ ನೋಡೋಣವೆಂದು ಡಬ್ಬಿ ತೆಗೆದೆವು. ನೋಯೆಲಿಯಾ ಮೂಗು ಮುಚ್ಚಿಕೊಂಡಳು.

"ಅಜ್ಜೀ, ಇದೇನು ಸತ್ತ ಇಲಿ ನಾತ! ಇದನ್ನ ಹಾಕ್ಕೊಂಡ್ರೆ ಕುದುರೆ ನನ್ನ ಕೆಳಗೆ ಕೆಡವತ್ತೆ."

"ಬಾಯ್ ಮುಚ್ಚೇ. ವೀರರ ಬೆವರು ಅದು."

"ವೀರರು ಇಲಿ ಹಿಕ್ಕೆ ಹಾಕ್ತಿದ್ರಾ? ನೋಡು, ಡಬ್ಬಿ ತಳದಲ್ಲಿ."

ನಿಜ, ಇಲಿ ಗೂಡು ಕಟ್ಟಿತ್ತು. ಒದಿಲೋನನ ಮಾತು ನೆನಪಾಯಿತು, ನೆನಪಾದದ್ದನ್ನು ಪಕ್ಕಕ್ಕೆ ಸರಿಸಿದೆ. ಬೆಚ್ಚಗಿನ ನೀರು, ಬಿಳಿ ಸಾಬೂನು, ಮಗುವಿಗೆ ಸ್ನಾನ ಮಾಡಿಸುವಷ್ಟು ಮೆಲ್ಲಗೆ. ಎರಡು ಸಲ ಹಿಂಡುವಷ್ಟರಲ್ಲಿ ಬೇಸಿನ್ನಿನ ನೀರು ಕೆಂಪಾಯಿತು.

"ಅಯ್ಯೋ ತಾಯೀ, ತಾತನ ರಕ್ತ!" ಎಂದು ಶಿಲುಬೆ ಗುರುತು ಹಾಕಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದೆ.

ನೋಯೆಲಿಯಾ ಬೆರಳು ಅದ್ದಿ ನೋಡಿದಳು. ಕುರಿಮರಿಗಳ ಬಾಲ ಕತ್ತರಿಸಿ ಬೆಳೆದ ಹುಡುಗಿ, ರಕ್ತ ಅವಳಿಗೆ ಹೊಸದಲ್ಲ. "ಹಳೇ ರಕ್ತ ಕಂದು ಇರತ್ತಜ್ಜಿ. ಇದು ಬಣ್ಣ. ಒಳಗೆ ಇನ್ನೇನೋ ಬಟ್ಟೆ ಇದೆ."

ನನ್ನ ಬಿಳಿ ಪಟ್ಟಿಯ ಮೇಲೆ ಗುಲಾಬಿ ಗೆರೆಗಳು ಎದ್ದಿದ್ದವು. ಸವಾರಿಗೆ ಮೂರು ದಿನ ಇತ್ತು.

ಈಗ ಆ ಕಥೆ ಹೇಳಬೇಕು. ನಾನು ಚಿಕ್ಕವಳಿದ್ದಾಗ ತಾತ ಇನ್ನೂ ಇದ್ದ. ಮಳೆ ಹಿಡಿದ ಮಧ್ಯಾಹ್ನಗಳಲ್ಲಿ ತಾತನ ಹೆಂಡತಿ ಎದುವಿಹೆಸ್ ಅಜ್ಜಿ ರೊಟ್ಟಿ ಕರಿಯುತ್ತಿದ್ದಳು, ನಾವು ಒಲೆಯ ಸುತ್ತ ಕೂತು ಕಥೆ ಹೇಳೆಂದು ತಾತನ ಪ್ರಾಣ ತಿನ್ನುತ್ತಿದ್ದೆವು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯ ಒಂದು ಅಲಗನ್ನು ಬಿದಿರಿಗೆ ಬಿಗಿದು ಮಾಡಿದ ಈಟಿ, ಇಪ್ಪತ್ತರ ವಯಸ್ಸು, ಹಳ್ಳದ ದಾಟಿನಲ್ಲಿ ತೊಡೆಗೆ ಗುಂಡು. ಕುದುರೆ ಸತ್ತಿತು. ಆಮೇಲೆ ಕುಂಟಿಕೊಂಡು ತೆವಳಿಕೊಂಡು ಮನೆ ಸೇರಲು ಮೂರು ದಿನ, ದಾರಿಯಲ್ಲಿ ಮೂರು ದಾಟು, ಮೂರರಲ್ಲೂ ಕೆಂಪು ಪಟ್ಟಿಯವರ ಕಾವಲು. ಗಾಯಗೊಂಡ ಬಿಳಿ ಪಟ್ಟಿಯವನು ಸಿಕ್ಕರೆ ಅಲ್ಲೇ ಕುತ್ತಿಗೆ ಕೊಯ್ಯುತ್ತಿದ್ದ ಕಾಲ.

"ಮತ್ತೆ ನಿನ್ನ ಯಾಕೆ ಕೊಲ್ಲಲಿಲ್ಲ ತಾತ?" ಎಂದು ನಾನು ಪ್ರತಿ ಸಲವೂ ಕೇಳುತ್ತಿದ್ದೆ.

"ನನ್ನ ಹ್ಯಾಟ್ ನೋಡಿದ್ರು, ದಾರಿ ಬಿಟ್ರು," ಅನ್ನುತ್ತಿದ್ದ ತಾತ. ಅಷ್ಟು ಹೇಳಿ ರೊಟ್ಟಿ ಮುರಿದುಕೊಳ್ಳುತ್ತಿದ್ದ.

ಉಳಿದದ್ದೆಲ್ಲ ನನ್ನ ಅಪ್ಪ ತುಂಬಿದ್ದು, ಅಪ್ಪನ ನಂತರ ಒದಿಲೋನ್ ತುಂಬಿದ್ದು. ಸಿಲ್ವೇರಾನ ಬಿಳಿ ಪಟ್ಟಿ ಕಂಡು ಕಾವಲಿನವರ ಕೈಕಾಲು ನಡುಗಿದವಂತೆ, ಒಬ್ಬನಂತೂ ಬಂದೂಕು ಬಿಸಾಕಿ ಓಡಿದನಂತೆ. ವರ್ಷ ವರ್ಷ ಕಾವಲಿನವರ ಸಂಖ್ಯೆ ಬೆಳೆಯಿತು. ಕೊನೆಗೆ ಒದಿಲೋನನ ಬಾಯಲ್ಲಿ ಅದು ಒಂದು ಇಡೀ ಪಟಾಲಮ್ಮೇ ಆಗಿತ್ತು. ನಾನೂ ನಂಬಿದ್ದೆ. ನಂಬದೆ ಏನು, ನಮ್ಮ ರಕ್ತವಲ್ಲವೆ?

ಈ ಕಥೆಗೆ ಇನ್ನೊಂದು ಬಾಲವೂ ಇತ್ತು. ನಮ್ಮ ಬೇಲಿಯ ಆಚೆ ಬೆಂತಾಂಕೂರರ ಹೊಲ. ಊರಿಗೆ ಇದ್ದದ್ದೇ ಆ ಒಂದು ಕೆಂಪು ಪಟ್ಟಿಯ ಮನೆ. ಅವರ ತಾತ ಕಾಂತಾಲಿಸಿಯೊ ಅದೇ ದಾಟಿನ ಕಾಳಗದಿಂದ ಪಟ್ಟಿಯಿಲ್ಲದೆ ಬರಿದಲೆಯಲ್ಲಿ ಮನೆಗೆ ಬಂದ. ಹೆದರಿ ಗುರುತು ಕಿತ್ತೆಸೆದು ಓಡಿಬಂದ ಹೇಡಿ ಎಂದರು. ಎರಡು ಪಕ್ಷದವರೂ ಒಪ್ಪಿದ ಮಾತು ಅದೊಂದೇ ಇರಬೇಕು. ಅಂದಿನಿಂದ ಆ ಮನೆಯವರಿಗೆ ಊರಿಟ್ಟ ಹೆಸರು 'ಬರಿದಲೆಯವರು'. ಸವಾರಿ ಅವರ ಗೇಟಿನ ಮುಂದೆ ಹಾಯುವಾಗ ಎಲ್ಲರೂ ಹ್ಯಾಟು ತೆಗೆದು, ಬರಿದಲೆಯನ್ನು ಸವರಿಕೊಂಡು, ಹೋ ಎಂದು ನಗುವುದು ಪದ್ಧತಿ. ಆ ದಿನ ಬೆಂತಾಂಕೂರರ ಮನೆಯ ಕಿಟಕಿ ಮುಚ್ಚಿರುತ್ತಿತ್ತು.

ಆ ಮನೆಯಲ್ಲಿ ಈಗ ಉಳಿದವಳು ಓರ್ಫಿಲಿಯಾ ಒಬ್ಬಳೇ. ನನ್ನದೇ ವಯಸ್ಸು. ಹತ್ತು ವರ್ಷದವರೆಗೆ ನಾವಿಬ್ಬರೂ ಒಂದೇ ಜೀವ. ದಿನಾ ಶಾಲೆ ಬಿಟ್ಟ ಮೇಲೆ ಬೇಲಿಯ ತಂತಿಯ ಆಚೆ ಅವಳು, ಈಚೆ ನಾನು, ನಡುವೆ ಒಂದೇ ಸೋರೆ ಬುರುಡೆಯಲ್ಲಿ ಮಾಟೆ, ನಮ್ಮ ಕಡೆ ಕೊಳವೆಯಲ್ಲಿ ಹೀರುವ ಸೊಪ್ಪಿನ ಕಷಾಯ, ಮಕ್ಕಳಿಗೆಂದು ಬಿಸಿನೀರಿನ ಬದಲು ಹಾಲು ಹಾಕಿದ್ದು. ನಾನು ಸುರಿಯುವವಳು, ಅವಳು ಕುಡಿದು ಬುರುಡೆ ವಾಪಸು ಕೊಡುವವಳು. ಕೊಡುವಾಗ ಏನೂ ಅನ್ನದಿದ್ದರೆ ಇನ್ನೊಂದು ಸುರಿ ಎಂದರ್ಥ. 'ಗ್ರಾಸಿಯಾಸ್' ಎಂದು ವಂದನೆ ಹೇಳಿದರೆ ಮುಗಿಯಿತು, ಇನ್ನು ಬೇಡ. ನಮ್ಮಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. ಓರ್ಫಿಲಿಯಾ ಎಂದೂ ಗ್ರಾಸಿಯಾಸ್ ಅನ್ನುತ್ತಿರಲಿಲ್ಲ, ಹಾಲು ಮುಗಿಯುತ್ತಿತ್ತು ಅಷ್ಟೆ.

ಆಗಸ್ಟಿನ ಶಾಲೆಯ ಹಬ್ಬಕ್ಕೆ ಕುಣಿತ ಕಲಿಸುತ್ತಿದ್ದರು. ಗಂಡುಮಕ್ಕಳು ಸಾಲದೆ ಓರ್ಫಿಲಿಯಾಳಿಗೆ ಹ್ಯಾಟು ಕೊಟ್ಟು ಗಂಡಿನ ವೇಷ, ಅದೂ ಎಲ್ಲರ ಮುಂದಿನ ಜಾಗ ಕೊಟ್ಟರು. ನನಗೆ ಹೊಟ್ಟೆ ಉರಿಯಿತು. ಸುತ್ತು ಬಳಸದೆ ಹೇಳುತ್ತೇನೆ, ಹೊಟ್ಟೆ ಉರಿಯಿತು. ಇಡೀ ಶಾಲೆಗೆ ಕೇಳುವ ಹಾಗೆ, "ಬರಿದಲೆಯವರ ಮೊಮ್ಮಗಳಿಗೆ ಹ್ಯಾಟ್ ಯಾಕೆ? ದಾರೀಲಿ ಬಿಸಾಕಿ ಓಡೋಕಾ?" ಅಂದೆ. ಎಲ್ಲರೂ ನಕ್ಕರು. ಮಾಸ್ತರೂ ನಕ್ಕರು.

ಮಾರನೆಯ ದಿನ ಅವಳು ಬರುವುದಿಲ್ಲವೆಂದುಕೊಂಡಿದ್ದೆ. ಅದೇ ಹೊತ್ತಿಗೆ ಬೇಲಿಗೆ ಬಂದಳು. ನಾನು ಸುರಿದೆ. ಕುಡಿದಳು. ಬುರುಡೆ ನನ್ನ ಕೈಗಿತ್ತು "ಗ್ರಾಸಿಯಾಸ್" ಅಂದು ತಿರುಗಿ ನಡೆದಳು. ಅರವತ್ತನಾಲ್ಕು ವರ್ಷವಾಯಿತು. ಸತ್ತರೆ ಕೆಟ್ಟರೆ ತಲೆಯಾಡಿಸುತ್ತೇವೆ, ಅದರಾಚೆ ಮಾತಿಲ್ಲ.

ಶಾಲೆಯಲ್ಲಿ ಹಾಗಂದ ದಿನ ರಾತ್ರಿಯ ಊಟದಲ್ಲಿ ಅಪ್ಪ ನನ್ನ ಮಾತನ್ನು ದೊಡ್ಡ ಜೋಕೆಂದು ಹೇಳಿ ತೊಡೆ ತಟ್ಟಿಕೊಂಡ. ತಾತ ಚಮಚ ಕೆಳಗಿಟ್ಟು ಎದ್ದುಹೋದ. ಆಮೇಲೆ ಒಂದು ವರ್ಷ ಎಷ್ಟು ಮಳೆ ಬಂದರೂ ಕಥೆ ಹೇಳಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡೆವು.

ಇದೆಲ್ಲ ಆ ಗುರುವಾರ ಕೆಂಪು ನೀರಿನ ಬೇಸಿನ್ನಿನ ಮುಂದೆ ಕೂತಾಗ ನನಗೆ ನೆನಪಾಗಲಿಲ್ಲ. ಆಗ ತಲೆಯಲ್ಲಿದ್ದದ್ದು ಕಲೆ ಹೇಗೆ ತೆಗೆಯುವುದು ಎಂಬುದೊಂದೇ. ಚಿಕ್ಕ ಕತ್ತರಿ ತಂದು ಅಂಚಿನ ಹೊಲಿಗೆ ಬಿಚ್ಚತೊಡಗಿದೆ. ಎದುವಿಹೆಸ್ ಅಜ್ಜಿಯ ಹೊಲಿಗೆ, ನನಗೆ ಹೊಲಿಯಲು ಕಲಿಸಿದ ಕೈ ಅದು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಬಿಳಿ ಬಟ್ಟೆ ಸಿಪ್ಪೆಯಂತೆ ಬಿಟ್ಟುಕೊಂಡಿತು. ಒಳಗೆ ಕೆಂಪು ಉಣ್ಣೆಯ ಪಟ್ಟಿ. ಅದರ ಮೇಲೆ ಹಳದಿ ದಾರದಲ್ಲಿ ಬೇರೆ ಯಾರದೋ ಕೈಯ ಕಸೂತಿ.

ನೋಯೆಲಿಯಾ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. "'ನನ್ನ ಮಗ ಕಾಂತಾಲಿಸಿಯೊಗೆ. ಅಮ್ಮ ಬೆನಿತಾ.' ಅಜ್ಜೀ... ಕಾಂತಾಲಿಸಿಯೊ ಅಂದ್ರೆ ಬರಿದಲೆಯವರ ತಾತ ಅಲ್ವಾ?"

ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ನಾನೂ ಓದಿದೆ. ಹ್ಯಾಟು ನೋಡಿದರು, ದಾರಿ ಬಿಟ್ಟರು. ಕೆಂಪು ಪಟ್ಟಿ ಕಟ್ಟಿಕೊಂಡವನನ್ನು ಕೆಂಪು ಪಟ್ಟಿಯವರು ಯಾಕೆ ಕೊಲ್ಲುತ್ತಾರೆ? ತಮ್ಮವನೇ ಗಾಯಗೊಂಡಿದ್ದಾನೆಂದು ಕುಡಿಯಲು ನೀರು ಕೊಟ್ಟು ಕಳಿಸಿರಬೇಕು. ಹಳ್ಳದ ದಾಟಿನಲ್ಲಿ ಬೇಲಿಯಾಚೆಯ ಹುಡುಗ ಬೇಲಿಯೀಚೆಯ ಹುಡುಗನ ಗುರುತು ಹಿಡಿದು ತನ್ನ ಪಟ್ಟಿ ಬಿಚ್ಚಿ ಅವನ ಹ್ಯಾಟಿಗೆ ಕಟ್ಟಿದ್ದಾನೆ. ಪಟ್ಟಿಯಿಲ್ಲದ ಹ್ಯಾಟು ಅನುಮಾನ ತರುತ್ತದೆಂದು ಅದನ್ನೂ ಬಿಟ್ಟು ತಾನು ಬರಿದಲೆಯಲ್ಲಿ ಮನೆಗೆ ಹೋಗಿದ್ದಾನೆ. ಆ ಉಪಕಾರಕ್ಕೆ ನಾವು ನೂರು ವರ್ಷ ಅವರ ಗೇಟಿನ ಮುಂದೆ ತಲೆ ಸವರಿಕೊಂಡು ನಕ್ಕಿದ್ದೇವೆ.

ಇಷ್ಟು ಅರ್ಥವಾದ ಮೇಲೂ ನನ್ನ ಬಾಯಿಂದ ಬಂದ ಮಾತು ಕೇಳಿ. "ಹೊಸ ಬಟ್ಟೆ ಹಾಕಿ ಮುಚ್ಚಿ ಹೊಲಿದುಬಿಡ್ತೀನಿ. ಯಾರ ಹತ್ರಾನೂ ಉಸಿರೆತ್ತಬೇಡ."

"ಏನಂದೆ?"

"ಒದಿಲೋನ್ ಹೋಗಿ ಮೂರು ತಿಂಗಳಾಗಿಲ್ಲ ಕಣೇ. ಊರೆಲ್ಲ ಸೇರಿರೋವಾಗ ನಮ್ಮ ತಾತ ಕೆಂಪು ಪಟ್ಟಿ ಕಟ್ಕೊಂಡು ಕದ್ದು ಬಂದ ಅಂತ ಹೇಳ್ಲಾ? ನಿನ್ನ ಮುಂದಾಳು ಮಾಡ್ತಾರಾ ಆಮೇಲೆ?"

"ಹಂಗಾದ್ರೆ ನಾನು ಮುಂದಾಳಾಗಲ್ಲ. ಸುಳ್ಳನ್ನ ತಲೆ ಮೇಲೆ ಹೊತ್ಕೊಂಡು ಓರ್ಫಿಲಿಯಾ ಅಜ್ಜಿ ಗೇಟ್ ಮುಂದೆ ಹಲ್ಲು ಕಿರೀಲಾ? ನೀನೇ ಕಟ್ಕೊಂಡು ಹೋಗು ಕುದುರೆ ಮೇಲೆ." ಬಾಗಿಲು ದಢಾರೆಂದು ಹಾಕಿಕೊಂಡು ಹೋದಳು. ಬಾಗಿಲು ದಢಾರೆನ್ನಿಸುವ ಆ ಚಾಳಿ ನನ್ನಿಂದಲೇ ಬಂದದ್ದು.

ನಾನು ಹಠಮಾರಿ. ಶುಕ್ರವಾರ ಬೆಳಿಗ್ಗೆಯೇ ಬಿಳಿ ಹತ್ತಿ ಬಟ್ಟೆ ಕತ್ತರಿಸಿ, ಹಳೆಯದಾಗಿ ಕಾಣಲೆಂದು ಮಾಟೆಯ ಕಷಾಯದಲ್ಲಿ ಅದ್ದಿ ಒಣಗಿಸಿದೆ. ನನ್ನಂಥ ಮೋಸಗಾತಿ ಇಡೀ ಜಿಲ್ಲೆಯಲ್ಲಿ ಇರಲಾರಳು, ಕಣ್ಣಿಗೆ ಹಿಡಿದು ನೋಡಿದರೂ ತಿಳಿಯುತ್ತಿರಲಿಲ್ಲ. ಅಜ್ಜಿಯ ಸೂಜಿಯ ಹಳೆಯ ತೂತುಗಳಲ್ಲೇ ನನ್ನ ಸೂಜಿ ಹಾಯಿಸುತ್ತ ಬಂದೆ. ಅರ್ಧ ದಾರಿಯಲ್ಲಿ ಒಂದು ಕಡೆ ತೂತು ಸಿಗಲಿಲ್ಲ.

ಕನ್ನಡಕ ಒರೆಸಿಕೊಂಡು ನೋಡಿದೆ. ಹೆಸರಿದ್ದ ಜಾಗ ಅದು. ಎದುವಿಹೆಸ್ ಅಜ್ಜಿ ನೇರವಾಗಿ ಹೊಲಿದಿದ್ದರೆ ಸೂಜಿ ಕಾಂತಾಲಿಸಿಯೊ ಎಂಬ ಹೆಸರಿನ ಮೇಲೆಯೇ ಹಾಯಬೇಕಿತ್ತು. ಅವಳು ಹಾಯಿಸಿಲ್ಲ. ಒಂದೊಂದು ಅಕ್ಷರವನ್ನೂ ಬಳಸಿಕೊಂಡು, ಹೆಸರಿಗೆ ಒಂದು ಚುಚ್ಚೂ ತಾಗದ ಹಾಗೆ, ಸುತ್ತಲೂ ಸಣ್ಣ ಸಣ್ಣ ಹೊಲಿಗೆ ಹಾಕಿದ್ದಾಳೆ. ಐವತ್ತೈದು ವರ್ಷ ಸೂಜಿ ಹಿಡಿದವಳು ನಾನು, ಅದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಮುಚ್ಚಬೇಕಾಗಿ ಬಂದಿತ್ತು, ಮುಚ್ಚಿದ್ದಳು. ಆದರೆ ಆ ಹೆಸರನ್ನು ನೋಯಿಸಲು ಅವಳಿಗೆ ಕೈ ಬಂದಿರಲಿಲ್ಲ. ನಾನೋ, ಹತ್ತು ವರ್ಷದವಳಿದ್ದಾಗಲೇ ಇಡೀ ಶಾಲೆಯ ಮುಂದೆ ಚುಚ್ಚಿದ್ದೆ.

ಅಲ್ಲಿ ನನಗೆ ಅಳು ಬಂತು. ಗಂಡ ಸತ್ತಾಗ ಅಷ್ಟು ಅತ್ತಿರಲಿಲ್ಲ. ಅತ್ತು ಮುಗಿಸಿ ಹೊಸ ಬಟ್ಟೆಯನ್ನು ಬಿಚ್ಚಿ ಒಲೆಗೆ ಹಾಕಿದೆ.

ಶನಿವಾರ ಸವಾರಿ ಸಂಘದ ಅಧ್ಯಕ್ಷ ಹೆರಿಬೆರ್ತೊ ಬಂದ. ಮೀಸೆ ದೊಡ್ಡದು, ಕೆಲಸ ಚಿಕ್ಕದು. "ದೊನ್ಯಾ ಎತೆಲ್ವಿನಾ, ಈ ಸಲ ಸ್ಪೀಕರ್ ತರಿಸಿದೀನಿ. ನಿಮ್ಮ ತಾತನ ಕಥೆ ನಾನೇ ಓದ್ತೀನಿ. ಬರಿದಲೆಯವರ ಗೇಟ್ ಮುಂದೆ ಒಂದ್ ನಿಮಿಷ ನಿಲ್ಸಿ ಮೈಕಲ್ಲಿ ಒಂದ್ ಜೋಕೂ ಹೇಳೋಣ. ಮುದುಕಿ ಕಿಟಕಿ ಒಳಗಿಂದ ಕೇಳಿಸ್ಕೊಳ್ಲಿ," ಎಂದು ಗಹಗಹಿಸಿದ.

"ನಿಲ್ಸು. ಆ ಗೇಟ್ ಮುಂದೆ ನಿಲ್ಸೇ ನಿಲ್ಸು," ಅಂದೆ.

ಖುಷಿಯಾಗಿ ಹೋದ. ಅವನ ಬೆನ್ನು ಮರೆಯಾದ ಮೇಲೆ ನೋಯೆಲಿಯಾಳನ್ನು ಲಾಯದಲ್ಲಿ ಹುಡುಕಿ ಕೆಂಪು ಪಟ್ಟಿಯನ್ನು ಅವಳ ಕೈಗಿಟ್ಟೆ. ಅವಳು ಪಟ್ಟಿ ನೋಡಿದಳು, ನನ್ನ ಮುಖ ನೋಡಿದಳು.

"ಕಣ್ಣು ಯಾಕೆ ಊದಿದೆ?"

"ಈರುಳ್ಳಿ ಹೆಚ್ದೆ."

"ಎಷ್ಟು ಮೂಟೆ?" ಅಂದು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಮೈಯೆಲ್ಲ ಕುದುರೆ ವಾಸನೆ.

ಭಾನುವಾರ ಬಿಸಿಲು ಚೆನ್ನಾಗಿತ್ತು. ನೋಯೆಲಿಯಾ ಮುಂದೆ, ಹ್ಯಾಟಿನ ಸುತ್ತ ಕರಿ ಕರವಸ್ತ್ರ. ಪಟ್ಟಿ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ "ಒಳಗಿದೆ, ಧೂಳಾಗತ್ತೆ" ಎಂದಳಂತೆ. ನಾನು ಬ್ರೆಡ್ಡು, ಬಿಸಿನೀರಿನ ಫ್ಲಾಸ್ಕು ಹೊತ್ತ ಪಿಕಪ್ ಗಾಡಿಯಲ್ಲಿ ಅವಳ ಹಿಂದೆಯೇ. ಊರು ನಮ್ಮನ್ನು ಬಿಟ್ಟುಬಿಟ್ಟರೆ? ತಾತನ ಹೆಸರು ಮಣ್ಣುಪಾಲಾದರೆ? ಅದಕ್ಕಿಂತ, ಓರ್ಫಿಲಿಯಾ ಆ ಕಿಟಕಿ ತೆಗೆಯದೇ ಹೋದರೆ?

ಬೆಂತಾಂಕೂರರ ಗೇಟು ಬಂತು. ಕಿಟಕಿ ಮುಚ್ಚಿತ್ತು. ನೋಯೆಲಿಯಾ ಕುದುರೆ ನಿಲ್ಲಿಸಿ ಅಡ್ಡಕ್ಕೆ ತಿರುಗಿಸಿದಳು. ಹಿಂದಿನವರೆಲ್ಲ ನಿಂತರು, ಅಭ್ಯಾಸದಂತೆ ಹ್ಯಾಟು ತೆಗೆದರು, ತಲೆ ಸವರಿಕೊಂಡು ನಗಲು ಶುರುಮಾಡಿದರು. ಹೆರಿಬೆರ್ತೊ ಮೈಕು ಎತ್ತಿದ. ಅಷ್ಟರಲ್ಲಿ ನಾನು ಗಾಡಿಯಿಂದ ಇಳಿದು, ನೋಯುವ ಮಂಡಿಯನ್ನು ಎಳೆದುಕೊಂಡು ಹೋಗಿ ಮೈಕನ್ನು ಕಿತ್ತುಕೊಂಡೆ. ನೋಯೆಲಿಯಾ ಕರವಸ್ತ್ರ ಬಿಚ್ಚಿದಳು.

ನೂರೈವತ್ತು ಬಿಳಿ ಪಟ್ಟಿಗಳ ಮುಂದೆ ಒಂದು ಕೆಂಪು ಪಟ್ಟಿ. ನಗು ಅಲ್ಲೇ ನಿಂತಿತು.

"ಇದು ನಮ್ಮ ತಾತನ ಪಟ್ಟಿ," ಅಂದೆ. ನನ್ನ ದನಿ ಸ್ಪೀಕರಿನಲ್ಲಿ ಕೋಳಿ ಕೂಗಿದಂತೆ ಕೇಳಿತು, ಕೇಳಲಿ. "ಬಿಳಿ ಬಟ್ಟೆ ಮೇಲೆ ಹೊಲಿದಿತ್ತು. ನಾನು ತೊಳೆದೆ, ಬಣ್ಣ ಬಿಡ್ತು. ಒಳಗೆ ಹೆಸರಿದೆ, ಕಾಂತಾಲಿಸಿಯೊ ಅಂತ, ಈ ಬೆಂತಾಂಕೂರರ ಕಾಂತಾಲಿಸಿಯೊ. ಗುಂಡು ಬಿದ್ದು ಬಿದ್ದಿದ್ದ ನಮ್ಮ ತಾತನ ತಲೆಗೆ ತನ್ನ ಪಟ್ಟಿ ಕಟ್ಟಿ ಜೀವ ಉಳಿಸಿದೋನು ಅವನು. ಹೆದರಿ ಎಸೆದಿದ್ದಲ್ಲ, ಕೊಟ್ಟಿದ್ದು. ಅವನು ಕೊಡದೇ ಇದ್ದಿದ್ರೆ ನಾನೂ ಇಲ್ಲ, ಒದಿಲೋನೂ ಇಲ್ಲ, ಈ ಸವಾರೀನೂ ಇಲ್ಲ. ನೂರು ವರ್ಷದಿಂದ ನಾವು ನಕ್ಕಿದ್ದು ಇವರನ್ನ ನೋಡಿ. ಹತ್ತು ವರ್ಷದೋಳಿದ್ದಾಗ ಎಲ್ರಿಗಿಂತ ಜೋರಾಗಿ ನಕ್ಕೋಳು ನಾನು. ತಪ್ಪಾಯ್ತು."

"ದೊನ್ಯಾ, ಇದೆಲ್ಲ ಇಲ್ಲಿ ಹೇಳೋ ಜಾಗಾನಾ?" ಎಂದ ಹೆರಿಬೆರ್ತೊ, ಮುಖ ಕೆಂಡವಾಗಿತ್ತು. "ಸಂಘದಲ್ಲಿ ಮಾತಾಡೋಣ, ಮೈಕ್ ಕೊಡಿ."

"ನಗೋಕೆ ಇದೇ ಜಾಗ ಆಗಿತ್ತಲ್ಲ, ಹೇಳೋಕೂ ಇದೇ."

ಅವನು ಹ್ಯಾಟು ಹಾಕಿಕೊಂಡು ಕುದುರೆಗೆ ಹಿಮ್ಮಡಿ ಕೊಟ್ಟ. ಅವನ ಹಿಂದೆ ಮೂವತ್ತು ನಲವತ್ತು ಜನ ಹೋದರು. ಕೆಲವರು ನನ್ನನ್ನು ನೋಡಿ ಉಗುಳಿದರು ಕೂಡ, ಅದರಲ್ಲಿ ಇಬ್ಬರ ಮದುವೆಯ ಕೋಟು ಹೊಲಿದವಳು ನಾನೇ. ಆದರೆ ಉಳಿದವರು ನಿಂತಿದ್ದರು. ತಮಾಷೆಗೆಂದು ತೆಗೆದ ಹ್ಯಾಟುಗಳು ಇನ್ನೂ ಅವರ ಕೈಯಲ್ಲೇ ಇದ್ದವು. ಯಾರೂ ಹಾಕಿಕೊಳ್ಳಲಿಲ್ಲ. ಯಾರೂ ತಲೆ ಸವರಿಕೊಳ್ಳಲಿಲ್ಲ.

ಕಿಟಕಿ ತೆರೆಯಲಿಲ್ಲ. ಬಾಗಿಲು ತೆರೆಯಿತು.

ಓರ್ಫಿಲಿಯಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅಂಗಳ ದಾಟಿ ಗೇಟಿನವರೆಗೆ ಬಂದಳು. ಬೆನ್ನು ಸ್ವಲ್ಪ ಬಾಗಿದೆ, ಕಣ್ಣು ಹಾಗೆಯೇ ಇವೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದು ತುಂಡು ಬಟ್ಟೆ ತೊಳೆಯೋಕೆ ಅರವತ್ನಾಲ್ಕು ವರ್ಷ ಬೇಕಾಯ್ತೇನೇ ನಿಂಗೆ?"

"ನಿಂಗೆ ಗೊತ್ತಿತ್ತಾ?"

"ನೀನು ಶಾಲೇಲಿ ಅಂದ ದಿನ ನಾನು ಅಳುತ್ತಾ ಮನೆಗೆ ಬಂದೆ. ತಾತ ಅವತ್ತೇ ಹೇಳ್ದ. ಪಟ್ಟಿ ಎಲ್ಲಿ ಕಳ್ಕೊಂಡೆ ಅಂತ ಅವನ ಕಡೆಯೋರು ತೊಗಲಿನ ಪಟ್ಟೀಲಿ ಕೈಕಾಲು ಕಟ್ಟಿ ಎರಡು ದಿನ ಬಿಸಿಲಲ್ಲಿ ಹಾಕಿದ್ರಂತೆ. ಮಣಿಕಟ್ಟಲ್ಲಿ ಗುರುತಿತ್ತು, ತೋರಿಸ್ದ. ಆದ್ರೂ ಬಾಯಿ ಬಿಡಲಿಲ್ಲವಂತೆ. ನಿಮ್ಮ ತಾತನ ಕೈಲೂ ಆಣೆ ಮಾಡಿಸ್ಕೊಂಡಿದ್ದ, ಹೇಳಬೇಡ ಅಂತ. ಶತ್ರೂನ ಉಳಿಸ್ದೋನು ಅಂತ ಸರ್ಕಾರದ ಕಡೆಯೋರಿಗೆ ಗೊತ್ತಾದ್ರೆ ತನ್ನ ಮಕ್ಕಳಿಗೆ ಅನ್ನ ಹುಟ್ಟಲ್ಲ ಅಂತ ಹೆದರಿಕೆ."

"ನೀನಾದ್ರೂ ಹೇಳಬಹುದಿತ್ತಲ್ಲೇ!"

"ಯಾರು ನಂಬ್ತಿದ್ರು? ನೀನು ನಂಬ್ತಿದ್ಯಾ?" ಅಂದಳು. ನಂಬುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. "ಕೊಟ್ಟಿದ್ದನ್ನ ವಾಪಸ್ ಕೇಳಬೇಡ ಅಂದಿದ್ದ ತಾತ. ನಿಮ್ಮ ತಾತ ಇರೋವರೆಗೂ ಪ್ರತಿ ವಸಂತದಲ್ಲಿ ಒಂದು ಕುರಿಮರಿ ತಂದು ಬೇಲಿ ದಾಟಿಸಿ ಬಿಟ್ಟು ಹೋಗ್ತಿದ್ದ, ಕಳ್ಳನ ಹಾಗೆ."

ನಮ್ಮ ಮನೆಯಲ್ಲಿ ಪ್ರತಿ ವಸಂತದಲ್ಲೂ ಒಂದು ಮರಿ ಕಾಣೆಯಾಗುತ್ತಿತ್ತು. ನರಿ ಹೊತ್ತೊಯ್ದಿತು ಎಂದು ತಾತ ಹೇಳುತ್ತಿದ್ದ. ಆ ನರಿಗೆ ಅಪ್ಪ ಎಷ್ಟು ಬೋನು ಇಟ್ಟಿದ್ದನೋ ಲೆಕ್ಕವಿಲ್ಲ. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದು ನನಗೆ ಕೆಮ್ಮು ಹತ್ತಿತು.

ನೋಯೆಲಿಯಾ ಕುದುರೆಯಿಂದಿಳಿದು ಪಟ್ಟಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಓರ್ಫಿಲಿಯಾ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದಳು. ಕಸೂತಿ ಹಾಕಿದ ಬೆನಿತಾಳನ್ನು ಅವಳು ಕಂಡವಳಲ್ಲ. ತುಂಬ ಹೊತ್ತು ಆಡಿಸಿದಳು. ಸವಾರರಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಬಗ್ಗು ಮಗೂ," ಎಂದು ನೋಯೆಲಿಯಾಳ ಹ್ಯಾಟಿಗೆ ಮತ್ತೆ ಕಟ್ಟಿದಳು. "ದಾಟಿನವರೆಗೂ ಹೀಗೇ ಹೋಗು. ಬಂದಿದ್ದು ಅಲ್ಲಿಂದ್ಲೇ. ಸಂಜೆ ತಂದುಕೊಡು, ಇದು ನಮ್ಮನೇದು."

"ಹೂಂ ಅಜ್ಜಿ."

"ತೊಳೀಬೇಡ. ನಿಮ್ಮಜ್ಜಿ ಕೈಗಂತೂ ಕೊಡ್ಲೇಬೇಡ."

ಸವಾರಿ ಮುಂದೆ ಹೊರಟಿತು. ಕೊನೆಯ ಕುದುರೆ ಹಾಯುವವರೆಗೂ ಹ್ಯಾಟುಗಳು ಕೈಯಲ್ಲೇ ಇದ್ದವು. ಓರ್ಫಿಲಿಯಾ ಗೇಟಿಗೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡಿ ಕಳಿಸಿದಳು.

ಧೂಳು ಇಳಿದ ಮೇಲೆ ಉಳಿದವರು ನಾವಿಬ್ಬರೇ. ಪಿಕಪ್ಪಿನವನು ಫ್ಲಾಸ್ಕನ್ನೂ ಮಾಟೆಯ ಬುರುಡೆಯನ್ನೂ ನನ್ನ ಪಕ್ಕದಲ್ಲಿಟ್ಟು ಹೋಗಿದ್ದ. ಅವಳು ಒಳಗೆ ಬಾ ಎನ್ನಲಿಲ್ಲ. ಗೇಟು ತೆಗೆದು ಮೆಟ್ಟಿಲ ಮೇಲೆ ಕೂತಳು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನಾನು ಮಂಡಿ ಹಿಡಿದುಕೊಂಡು ಕೂತೆ.

ಸುರಿಯುವವರು ಮೊದಲು ಕುಡಿಯಬೇಕು, ಕುಡಿದೆ. ಎರಡನೆಯದನ್ನು ಅವಳಿಗೆ ಕೊಟ್ಟೆ. ಅವಳು ರಸ್ತೆ ನೋಡುತ್ತ, ಕೊಳವೆ ಗೊರಗೊರ ಎನ್ನುವವರೆಗೆ ನಿಧಾನವಾಗಿ ಕುಡಿದಳು. ಆಮೇಲೆ ಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಎಪ್ಪತ್ತನಾಲ್ಕು ವರ್ಷದ ಮುದುಕಿಗೆ ಹತ್ತು ವರ್ಷದ ಹುಡುಗಿಯ ಭಯ.

ಅವಳು ಬುರುಡೆಯನ್ನು ನನ್ನ ಕಡೆ ಚಾಚಿದಳು. ಏನೂ ಅನ್ನಲಿಲ್ಲ.

ನಾನು ಮತ್ತೆ ನೀರು ಸುರಿದೆ.